ಮೈ ವಾಲಿಸಿ ಕಾರು ಓಡಿಸುವ ಆಟ: ನೀವು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೆಯಲ್ಲಿ ರಜೆಯ ಆಟಗಳ ಬಗ್ಗೆ ಬರೆಯುವಾಗ, ಫೋನನ್ನೋ ರಿಮೋಟನ್ನೋ ಸ್ಟೇರಿಂಗಿನ ಹಾಗೆ ಹಿಡಿದು ತಿರುಗಿಸುವ ರೇಸ್ ಗೇಮುಗಳ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಎರಡು ಸಾಲಿನ ಮೇಲೇ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ನಮ್ಮ ಮಾವನೋರು ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಹಬ್ಬಕ್ಕೆ ಬಂದ ಮೊಮ್ಮಗ ಫೋನಿನಲ್ಲಿ ಕಾರ್ ರೇಸ್ ಹಾಕಿಕೊಟ್ಟು, 'ಸ್ಟೇರಿಂಗ್ ಥರ ತಿರುಗಿಸು ತಾತ' ಅಂದ. ಅವರು ತಿರುಗಿಸಿದ್ದೇ ತಿರುಗಿಸಿದ್ದು, ಕಾರು ಮಾತ್ರ ನೆಟ್ಟಗೆ ಹೋಗಿ ಗೋಡೆಗೆ ಗುದ್ದುತ್ತೆ. 'ಇದು ಗಾಡಿನೇ ಅಲ್ಲ ಕಣೋ' ಅಂತ ವಾಪಸ್ ಕೊಟ್ಟುಬಿಟ್ಟರು. ಮೊಮ್ಮಗ ಹಿಡಿದರೆ ಅದೇ ಕಾರು ಸರಿಯಾಗಿ ತಿರುಗುತ್ತೆ. ಯಾಕೆ ಹೀಗೆ?
– ಗೃಹಿಣಿ, ಬಟವಾಡಿ, ತುಮಕೂರು

ಉತ್ತರ: ಇದರಲ್ಲಿ ಮಾವನೋರ ತಪ್ಪು ಒಂಚೂರೂ ಇಲ್ಲ. ಅವರು ಫೋನನ್ನು ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೇ ಹಿಡಿದಿರಬೇಕು, ಬೇಕಾದರೆ ಇನ್ನೊಂದು ಸಲ ಕೊಟ್ಟು ಗಮನಿಸಿ. ಕಾರಿನ ಸ್ಟೇರಿಂಗ್ ನಮ್ಮ ಎದೆಗೆ ಮುಖ ಮಾಡಿ ನಿಂತಿರುತ್ತದೆ. ಬಸ್ಸಿನದು ದೊಡ್ಡದು, ಮುಂದೆ ತಟ್ಟೆ ಇಟ್ಟ ಹಾಗೆ ಹೆಚ್ಚುಕಮ್ಮಿ ಮಲಗಿರುತ್ತದೆ. ವರ್ಷಗಟ್ಟಲೆ ಹಾಗೆ ಹಿಡಿದ ಕೈ ಫೋನನ್ನೂ ಮಲಗಿಸಿಯೇ ಹಿಡಿಯುತ್ತದೆ, ಅಲ್ವಾ?

ಫೋನಿನೊಳಗೆ ಆಕ್ಸೆಲೆರೋಮೀಟರ್ ಅಂತ ಒಂದು ಚಿಪ್ ಇದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸಿಲಿಕಾನ್ ತುಂಡೊಂದು ಸ್ಪ್ರಿಂಗಿಗೆ ಕಟ್ಟಿದ ಹಾಗೆ ತೂಗುತ್ತಿರುತ್ತದೆ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಕೆಲಸ ಅದೇ. ಭೂಮಿ ಆ ತುಂಡನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ನೀವು ಫೋನ್ ವಾಲಿಸಿದರೆ ಅದು ಜಗ್ಗುವ ಬದಿ ಬದಲಾಗುತ್ತದೆ. ಎಷ್ಟು ಜಗ್ಗಿತು ಅನ್ನುವುದರ ಮೇಲೆ ಗೇಮು ನಿಮ್ಮ ಕಾರನ್ನು ಅಷ್ಟು ತಿರುಗಿಸುತ್ತದೆ.

ಈಗ ಆ ಗುಂಡನ್ನು ಮನಸ್ಸಿನಲ್ಲಿಟ್ಟುಕೊಂಡು ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬುಗುರಿ ಥರ ತಿರುಗಿಸಿ. ಎಷ್ಟೇ ಸುತ್ತು ಸುತ್ತಿದರೂ ಗುಂಡು ಫೋನಿನ ಬೆನ್ನ ಕಡೆಗೇ ಜಗ್ಗುತ್ತಿರುತ್ತದೆ. ಏನೂ ಬದಲಾಗಲಿಲ್ಲ. ಹಾಗಾಗಿ ಆಕ್ಸೆಲೆರೋಮೀಟರ್ ನಂಬಿದ ಗೇಮಿಗೆ ನೀವು ಸ್ಟೇರಿಂಗ್ ತಿರುಗಿಸಿದ್ದೇ ಗೊತ್ತಾಗುವುದಿಲ್ಲ. ತಿರುಗುವುದನ್ನೇ ನೇರವಾಗಿ ಅಳೆಯುವ ಗೈರೋಸ್ಕೋಪ್ ಅಂತ ಬೇರೆ ಸೆನ್ಸರ್ ಇದೆ, ಆದರೆ ಎಲ್ಲ ಫೋನಿನಲ್ಲೂ ಇರುವುದಿಲ್ಲ, ಎಲ್ಲ ಗೇಮೂ ಅದನ್ನು ಬಳಸುವುದಿಲ್ಲ.

ಮಾವನೋರಿಗೆ ಹೀಗೆ ಹೇಳಿ: 'ಬಸ್ಸಲ್ಲ ಮಾವ, ಇದು ಕಾರು. ಫೋನನ್ನು ಎತ್ತಿ ಕನ್ನಡಿ ನೋಡುವ ಹಾಗೆ ಹಿಡೀರಿ.' ಮೊಣಕೈ ಎರಡೂ ಪಕ್ಕೆಗೆ ತಾಗಿರಲಿ, ತೋಳು ಸೋಲುವುದಿಲ್ಲ. ರೇಸ್ ಶುರು ಮಾಡುವ ಮೊದಲು ಸೆಟ್ಟಿಂಗಿನಲ್ಲಿ ಕ್ಯಾಲಿಬ್ರೇಟ್ ಅಂತ ಇದ್ದರೆ ಅದನ್ನು ಒತ್ತಿ, ಆಗ ನೀವು ಹಿಡಿದ ಭಂಗಿಯನ್ನೇ ಗೇಮು 'ನೆಟ್ಟಗೆ' ಅಂತ ತಿಳಿಯುತ್ತದೆ. ಸೆನ್ಸಿಟಿವಿಟಿಯನ್ನು, ಅಂದರೆ ಸ್ವಲ್ಪ ವಾಲಿಸಿದರೆ ಕಾರು ಎಷ್ಟು ತಿರುಗಬೇಕು ಅನ್ನುವುದನ್ನು, ಅರ್ಧಕ್ಕೆ ಇಳಿಸಿ. ಅಷ್ಟಾದರೆ ಸಾಕು. ತಿರುವು ಬರುವ ಮೊದಲೇ ವೇಗ ಇಳಿಸುವುದು, ತಿರುವಿನ ಒಳಗೆ ಸ್ಟೇರಿಂಗ್ ಒಂದೇ ಹದದಲ್ಲಿ ಹಿಡಿಯುವುದು, ಆಚೆ ಬರುವಾಗ ಮೆಲ್ಲಗೆ ಬಿಡುವುದು, ಇದನ್ನೆಲ್ಲ ಬಸ್ಸನ್ನು ಘಾಟ್ ಹತ್ತಿಸಿ ಇಳಿಸಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊಮ್ಮಗ ತಾತನಿಂದ ಕಲಿಯುತ್ತಾನೆ, ನೋಡುತ್ತಿರಿ.

ಪ್ರಶ್ನೆ: ಟಿಲ್ಟ್ ಮಾಡಿ, ಅಂದರೆ ಫೋನ್ ವಾಲಿಸಿ ಆಡುವುದು ಚಿಕ್ಕ ಮಕ್ಕಳ ಆಟ, ನಿಜವಾದ ಆಟಗಾರರು ಜಾಯ್‌ಸ್ಟಿಕ್ ಹಿಡಿಯುತ್ತಾರೆ ಅಂತ ಹಾಸ್ಟೆಲಿನಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಟಿಲ್ಟ್‌ನಲ್ಲೇ ಖುಷಿ. ನಾನು ಬದಲಾಗಬೇಕಾ?
– ವಿದ್ಯಾರ್ಥಿ, ಶಿರಾ

ಉತ್ತರ: ಬೇಡ. ನಿಮ್ಮ ಸ್ನೇಹಿತರು ಹೇಳುವುದರಲ್ಲಿ ಒಂದು ಮಾತು ನಿಜ. ಒಂದೊಂದು ಸೆಕೆಂಡಿನ ಲೆಕ್ಕ ಹಾಕಿ ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿಯುವ ಸಮಯ ಇಳಿಸಬೇಕು ಅಂದರೆ ಹೆಬ್ಬೆರಳಿನ ಸ್ಟಿಕ್ಕೇ ಮೇಲು. ಬೆರಳು ಅರ್ಧ ಇಂಚು ಸರಿದರೆ ಸಾಕು, ಟಿಲ್ಟ್‌ನಲ್ಲಿ ಎರಡೂ ತೋಳು ಓಡಾಡಬೇಕು, ವಾಪಸ್ ನೆಟ್ಟಗೆ ಬರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ಖುಷಿ ಇರುವುದೇ ಆ ತೋಳಿನ ಓಡಾಟದಲ್ಲಿ, ಸ್ವಾಮಿ.

ನಾನು ಇದನ್ನು ಮೊದಲು ಕಂಡಿದ್ದು 2009ರಲ್ಲಿ, ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ. ಅವರ ಮಗ ಹೊರದೇಶದಿಂದ ಬರುವಾಗ ಟಿವಿಗೆ ಜೋಡಿಸಿ ರಿಮೋಟ್ ಹಿಡಿದು ಆಡುವ ನಿಂಟೆಂಡೊ ವೀ ಅನ್ನುವ ಗೇಮ್ ಮಶೀನ್ ತಂದಿದ್ದ, ಜೊತೆಗೆ 2008ರಲ್ಲಿ ಬಂದ ಮಾರಿಯೋ ಕಾರ್ಟ್ ವೀ ಅನ್ನುವ ರೇಸ್ ಗೇಮ್. ಆ ಗೇಮಿನ ಡಬ್ಬಿಯಲ್ಲೇ ಒಂದು ಬಿಳಿ ಪ್ಲಾಸ್ಟಿಕ್ ಸ್ಟೇರಿಂಗ್ ಬರುತ್ತಿತ್ತು. ಅದರೊಳಗೆ ವೈರಿಲ್ಲ, ಮೋಟಾರಿಲ್ಲ, ಬರೀ ಟೊಳ್ಳು. ನಡುವೆ ರಿಮೋಟನ್ನು ಕೂರಿಸುವ ಒಂದು ಗೂಡು, ಅಷ್ಟೇ. ಬಲ ಹೆಬ್ಬೆರಳಿಗೆ 2ನೇ ನಂಬರಿನ ಬಟನ್, ಅದು ಆಕ್ಸಿಲರೇಟರ್. ಹಿಂದೆ ಬೆರಳಿಗೆ ಸಿಗುವ ಬಟನ್ ಒತ್ತಿದರೆ ಡ್ರಿಫ್ಟ್, ಅಂದರೆ ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಜಾರುತ್ತದೆ. ಉಳಿದದ್ದೆಲ್ಲ ಕೈ.

ಅದರಲ್ಲೊಂದು ಟ್ರ್ಯಾಕ್ ಇದೆ, ಮೂ ಮೂ ಮೆಡೋಸ್ ಅಂತ. ಹುಲ್ಲುಗಾವಲು, ದಾರಿಗೆ ಅಡ್ಡ ಹಸುಗಳು. ಅಲ್ಲಿಯವರೆಗೆ ಅಡುಗೆ ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕಮ್ಮನ ಕೈಗೆ ಸ್ಟೇರಿಂಗ್ ಕೊಟ್ಟೆವು. ಮೊದಲ ಹಸು ಎದುರು ಬಂದಾಗ ಚಿಕ್ಕಮ್ಮ 'ಅಯ್ಯೋ ಅಯ್ಯೋ ಹಸು' ಅಂತ ಸ್ಟೇರಿಂಗನ್ನು ಬಲಕ್ಕೆ ಎಳೆದರು. ಕೈ ಮಾತ್ರ ಅಲ್ಲ, ಭುಜ, ಸೊಂಟ, ತಲೆ ಎಲ್ಲ ಬಲಕ್ಕೆ ಹೋಯಿತು. ಕೂತ ಕುರ್ಚಿಯ ಎಡಗಾಲು ನೆಲ ಬಿಟ್ಟು ಎದ್ದಿತು. ಹಸು ತಪ್ಪಿತು. ಹನ್ನೆರಡು ಜನರ ರೇಸಿನಲ್ಲಿ ಅವರು ಕೊನೆಯವರಾಗಿ ಬಂದರು, ಆದರೆ ಮುಗಿಯುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು 'ಇನ್ನೊಂದು ಸಲ ಹಾಕೋ' ಅನ್ನುತ್ತಿದ್ದರು. ಒಲೆ ಮೇಲಿನ ಸಾರು ಚಿಕ್ಕಪ್ಪ ನೋಡಿಕೊಂಡರು.

ಇನ್ನೊಂದು ಸಂಗತಿ ಹೇಳಲೇಬೇಕು. ಆ ಗೇಮಿನಲ್ಲಿ ದಿಬ್ಬದ ಅಂಚಿನಿಂದ ಗಾಡಿ ಹಾರುವ ಕ್ಷಣಕ್ಕೆ ಸರಿಯಾಗಿ ಸ್ಟೇರಿಂಗನ್ನು ಜಾಡಿಸಬೇಕು, ಮೊರದಲ್ಲಿ ಅಕ್ಕಿ ಕೇರುವವರು ಮಣಿಕಟ್ಟು ಕುಲುಕುತ್ತಾರಲ್ಲ ಹಾಗೆ. ಗಾಡಿ ಗಾಳಿಯಲ್ಲಿ ಒಂದು ಪಲ್ಟಿ ಹೊಡೆಯುತ್ತದೆ, ನೆಲ ಮುಟ್ಟಿದ ಕೂಡಲೇ ಜಾಸ್ತಿ ವೇಗ ಸಿಗುತ್ತದೆ. ಬೈಕ್ ಆಯ್ದುಕೊಂಡಿದ್ದರೆ ನೆಟ್ಟಗಿನ ದಾರಿಯಲ್ಲಿ ಮೇಲಕ್ಕೆ ಎತ್ತಿ ಜಾಡಿಸಿದರೆ ಮುಂದಿನ ಚಕ್ರ ಏಳುತ್ತದೆ. ಆ ಜಾಡಿಸುವಿಕೆ ಬೆರಳಿನಲ್ಲಿ ಬಟನ್ ಒತ್ತುವುದಕ್ಕೆ ಯಾವ ಲೆಕ್ಕದಲ್ಲೂ ಸಮ ಅಲ್ಲ. ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನನ್ನ ಮಣಿಕಟ್ಟಿಗೆ ಇವತ್ತಿಗೂ ನೆನಪಿದೆ.

ಕೈಯಲ್ಲಿ ಏನೂ ಇಲ್ಲದೆ ಆಡುವುದೂ ಬಂತು. 2010ರಲ್ಲಿ ಮೈಕ್ರೋಸಾಫ್ಟ್ ಕಿನೆಕ್ಟ್ ಅಂತ ಕ್ಯಾಮೆರಾ ತಂದಾಗ, ಬರಿಗೈ ಮುಂದೆ ಚಾಚಿ ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸುವ ಗೇಮ್ ಇತ್ತು. ನನಗೆ ಅದು ಹಿಡಿಸಲಿಲ್ಲ. ಐದು ನಿಮಿಷಕ್ಕೆ ತೋಳು ಬಿದ್ದುಹೋಗುತ್ತಿತ್ತು, ಮುಷ್ಟಿಯೊಳಗೆ ಹಿಡಿತಕ್ಕೆ ಏನೂ ಇರಲಿಲ್ಲ. ಟೊಳ್ಳು ಪ್ಲಾಸ್ಟಿಕ್ ಆದರೂ ಸರಿ, ಕೈಗೆ ಒಂದು ವಸ್ತು ಬೇಕು.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ರೇಸ್ ಗೇಮ್ ಆಡುವಾಗ ಸುಮ್ನೆ ಕೂರುವುದೇ ಇಲ್ಲ. ಏಳುತ್ತಾಳೆ, ವಾಲುತ್ತಾಳೆ, ಕಿರುಚುತ್ತಾಳೆ, ಒಂದು ಸಲ ದಿವಾನದಿಂದ ಕೆಳಗೇ ಬಿದ್ದಳು. ಕೂತು ಆಡು ಅಂತ ಗದರಬೇಕಾ?
– ತಾಯಿ, ಚಿಕ್ಕಬಳ್ಳಾಪುರ

ಉತ್ತರ: ಗದರಬೇಡಿ, ದಿವಾನದಿಂದ ಇಳಿಸಿ ನೆಲದ ಮೇಲೆ ಚಾಪೆ ಹಾಸಿ. ನಿಮ್ಮ ಚಿಕ್ಕಂದಿನಲ್ಲಿ ಊಟದ ತಟ್ಟೆ ಹಿಡಿದು ಬಾಯಲ್ಲಿ ಡುರ್ರ್ ಅಂತ ಸದ್ದು ಮಾಡುತ್ತಾ ಓಣಿಯೆಲ್ಲ ಓಡಿದವರನ್ನು ನೋಡಿಲ್ಲವೇ? ತಿರುವಿನಲ್ಲಿ ಅವರೂ ಒಂದು ಬದಿಗೆ ವಾಲುತ್ತಿದ್ದರು. ಹಳೇ ಸೈಕಲ್ ಟೈರಿಗೆ ಕೋಲು ಕೊಟ್ಟು ಓಡಿಸುವ ಹುಡುಗನೂ ಅಷ್ಟೇ, ಟೈರು ವಾಲಿದ ಕಡೆ ಅವನೂ ವಾಲುತ್ತಾನೆ. ನಿಮ್ಮ ಮಗಳು ಮಾಡುತ್ತಿರುವುದು ಅದೇ ಆಟ, ತಟ್ಟೆಯ ಜಾಗದಲ್ಲಿ ಫೋನ್ ಬಂದಿದೆ.

ಗೇಮ್ ಮಾಡುವವರಿಗೂ ಇದು ಮೊದಲಿಂದ ಗೊತ್ತು. 1985ರಲ್ಲಿ ಸೆಗಾ ಕಂಪನಿ ಹ್ಯಾಂಗ್-ಆನ್ ಅಂತ ಒಂದು ಬೈಕ್ ರೇಸ್ ಮಶೀನ್ ಮಾಡಿತು. ಅದರ ಒಂದು ಮಾದರಿಯಲ್ಲಿ ನಿಜವಾದ ಬೈಕಿನಷ್ಟೇ ಇರುವ ಗಾಡಿಯ ಮೇಲೆ ಹತ್ತಿ ಕೂತು, ಮೈಭಾರ ಹಾಕಿ ಗಾಡಿಯನ್ನೇ ಎಡಕ್ಕೆ ಬಲಕ್ಕೆ ವಾಲಿಸಬೇಕಿತ್ತು. ಅಷ್ಟು ದೊಡ್ಡ ಮಶೀನು ಮಾಡುತ್ತಿದ್ದ ಕೆಲಸ ಈಗ ಅಂಗೈ ಅಗಲದ ಫೋನಿನಲ್ಲಿ ಆಗುತ್ತಿದೆ.

ಒಂದು ಎಚ್ಚರಿಕೆ ಮಾತ್ರ. ರಿಮೋಟ್ ಹಿಡಿದು ಆಡುವುದಾದರೆ ಮಣಿಕಟ್ಟಿನ ದಾರವನ್ನು ಕಟ್ಟಿಯೇ ಆಡಲಿ. ವೀ ಬಂದ ಹೊಸದರಲ್ಲಿ ಆ ದಾರ ತೆಳುವಾಗಿತ್ತು, ಜನ ಬೀಸಿದ ಜೋರಿಗೆ ಕಿತ್ತು ರಿಮೋಟು ಹಾರಿಹೋಗುತ್ತಿತ್ತು. 2006ರ ಡಿಸೆಂಬರಿನಲ್ಲಿ ನಿಂಟೆಂಡೊ ಕಂಪನಿಯೇ ಸುಮಾರು 32 ಲಕ್ಷ ದಾರಗಳನ್ನು ದಪ್ಪದ ದಾರಕ್ಕೆ ಬದಲಾಯಿಸಿಕೊಡಲು ಮುಂದಾಯಿತು. ಫೋನಾದರೆ ಬೆವರಿದ ಕೈ ಒರೆಸಿಕೊಂಡು ಹಿಡಿಯಲಿ, ಟಿವಿಯಿಂದ ಒಂದು ಮಾರು ದೂರ ಇರಲಿ.

ಪ್ರಶ್ನೆ: ದಿನಾ ತುಮಕೂರಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಬಸ್ಸಿನಲ್ಲಿ ಟಿಲ್ಟ್ ಗೇಮ್ ಆಡಿದರೆ ಕಾರು ತಾನಾಗೇ ಒಂದು ಪಕ್ಕಕ್ಕೆ ಎಳೆಯುತ್ತದೆ. ಮನೆಯಲ್ಲಿ ಸರಿಯಾಗಿರುತ್ತದೆ. ಸೆನ್ಸರ್ ಕೆಟ್ಟಿದೆಯಾ? ತಲೆಯೂ ಸುತ್ತುತ್ತೆ.
– ಉದ್ಯೋಗಿ, ಕ್ಯಾತ್ಸಂದ್ರ

ಉತ್ತರ: ಸೆನ್ಸರ್ ಸರಿಯಾಗಿದೆ. ಮೇಲೆ ಹೇಳಿದ ದಾರದ ಗುಂಡನ್ನು ಬಸ್ಸಿನಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಬಸ್ಸು ಬಲಕ್ಕೆ ತಿರುಗಿದರೆ ಗುಂಡು ಎಡಕ್ಕೆ ತೂಗುತ್ತದೆ. ನಿಂತ ಪ್ರಯಾಣಿಕರೂ ಎಡಕ್ಕೆ ವಾಲುತ್ತಾರಲ್ಲ, ಅದೇ ಕಾರಣ. ಭೂಮಿ ಎಳೆದದ್ದಾ, ಬಸ್ಸು ತಿರುಗಿದ್ದಾ ಅಂತ ಆ ಚಿಪ್ಪಿಗೆ ಬೇರೆ ಮಾಡಿ ಹೇಳಲು ಬರುವುದಿಲ್ಲ. ನೀವು ಫೋನ್ ವಾಲಿಸಿದಿರಿ ಅಂತಲೇ ತಿಳಿಯುತ್ತದೆ. ಮುಚ್ಚಿದ ಡಬ್ಬಿಯೊಳಗೆ ಕೂತವನಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನುವ ಯೋಚನೆಯಿಂದಲೇ ಐನ್‌ಸ್ಟೈನ್ 1907ರಲ್ಲಿ ಗುರುತ್ವದ ಬಗ್ಗೆ ಹೊಸದಾಗಿ ಚಿಂತಿಸಲು ಶುರು ಮಾಡಿದ್ದು. ನಿಮ್ಮ ಬಸ್ಸಿನಲ್ಲಿ ದಿನಾ ಅದೇ ಪ್ರಯೋಗ ನಡೆಯುತ್ತಿದೆ!

ತಲೆಸುತ್ತಿಗೆ ಕಾರಣ ಬೇರೆ. ಕಣ್ಣಿಗೆ ಕಾಣುವ ಓಟ ಒಂದು, ಒಳಗಿವಿಗೆ ತಿಳಿಯುವ ಓಟ ಇನ್ನೊಂದು. ಎರಡೂ ಹೊಂದದಿದ್ದರೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಆಡಬೇಡಿ, ಕಿಟಕಿ ಆಚೆ ನೋಡಿ. ಮನೆಗೆ ಬಂದು ತಟ್ಟೆ ಇಡ್ಲಿ ತಿಂದು ಒಂದರ್ಧ ಗಂಟೆ ಬಿಟ್ಟು ಆಡಿ.

ಪ್ರಶ್ನೆ: ಇದಕ್ಕೆಲ್ಲ ಎಷ್ಟು ದುಡ್ಡು ಹಾಕಬೇಕು? ಯಾರೋ ಹಳೇ ವೀ ಮಾರುತ್ತಿದ್ದಾರೆ, ತಗೊಳ್ಳಬಹುದಾ?
– ಓದುಗರು, ಕೋಲಾರ

ಉತ್ತರ: ಶುರುವಿಗೆ ಒಂದು ರೂಪಾಯಿಯೂ ಬೇಡ, ಕೈಯಲ್ಲಿರುವ ಫೋನ್ ಸಾಕು. ಆಸ್ಫಾಲ್ಟ್ 8 ಥರದ ಗೇಮಿನಲ್ಲಿ ಸೆಟ್ಟಿಂಗಿಗೆ ಹೋಗಿ ಟಿಲ್ಟ್ ಆಯ್ದುಕೊಳ್ಳಿ. ಫೋನ್ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್ ಸ್ಟೇರಿಂಗ್ ತರುವುದಾದರೆ ಫೋನ್ ಒಯ್ದು ಅಂಗಡಿಯಲ್ಲೇ ಸಿಕ್ಕಿಸಿ, ತಲೆಕೆಳಗು ಮಾಡಿ ನೋಡಿ. ನಾನು ತಂದ ಮೊದಲನೆಯದರಿಂದ ಎರಡನೇ ತಿರುವಿಗೇ ಫೋನ್ ಜಾರಿ ಬಿದ್ದು ಗಾಜು ಬಿರುಕು ಬಿಟ್ಟಿತ್ತು.

ಹಳೇ ವೀ ಕಡಿಮೆಗೆ ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. 2014ರಲ್ಲೇ ಅದರ ಆನ್‌ಲೈನ್ ಆಟವನ್ನು ಕಂಪನಿ ನಿಲ್ಲಿಸಿದೆ. ಆದರೆ ಒಂದೇ ಟಿವಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಆಡುವುದಕ್ಕೆ ಅದು ಅಡ್ಡಿಯಲ್ಲ, ಮನೆಗೆ ಬೇಕಾಗಿರುವುದೂ ಅದೇ. ಸ್ವಲ್ಪ ಜಾಸ್ತಿ ಹಾಕಲು ಸಾಧ್ಯವಾದರೆ ಅದೇ ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನುವ ಗೇಮ್ ಮಶೀನ್ ಮತ್ತು 2017ರ ಮಾರಿಯೋ ಕಾರ್ಟ್ 8 ಡಿಲಕ್ಸ್ ನೋಡಿ. ಅದರಲ್ಲೂ ಟಿಲ್ಟ್ ಇದೆ, ಜೊತೆಗೆ ಗಾಡಿ ದಾರಿ ಬಿಟ್ಟು ಬೀಳದಂತೆ ತಾನೇ ಹಿಡಿದುಕೊಳ್ಳುವ ಸೌಲಭ್ಯವೂ ಇದೆ. ನಾಲ್ಕು ವರ್ಷದ ಮಗುವೂ ಅಜ್ಜಿಯೂ ಒಂದೇ ರೇಸಿನಲ್ಲಿ ಓಡಬಹುದು.

ಹಳೇದನ್ನು ಕೊಳ್ಳುವ ಮುಂಚೆ ರಿಮೋಟಿನ ಹಿಂದಿನ ಮುಚ್ಚಳ ತೆಗೆದು ನೋಡಿ. ಪೆನ್ಸಿಲ್ ಸೆಲ್ ಎರಡು ಹಾಕುವ ಜಾಗ. ವರ್ಷಗಟ್ಟಲೆ ಸೆಲ್ ಒಳಗೇ ಬಿಟ್ಟಿದ್ದರೆ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿದಿರುತ್ತದೆ. ಅಂಥದ್ದು ಬೇಡ. ಸ್ಪ್ರಿಂಗ್ ಹೊಳೆಯುತ್ತಿದ್ದರೆ ನಿಮ್ಮದೇ ಹೊಸ ಸೆಲ್ ಹಾಕಿ, ಅಲ್ಲೇ ಒಂದು ರೇಸ್ ಓಡಿಸಿ, ಆಮೇಲೆ ದುಡ್ಡು ಕೊಡಿ.