ಎಂಟು ಜನ ಕೆಲಸಗಾರರಿಗೆ ವಿಮೆ: ಪಾಲಿಸಿ ಮಾಡಿಸುವ ಮುಂಚೆ

ಸರ್, ಹುಬ್ಬಳ್ಳಿಯಲ್ಲಿ ಮನೆ ಕಟ್ಟುವ ಗುತ್ತಿಗೆ, ಎಂಟು ಜನ ಕೆಲಸಗಾರರು, ವಿಮೆಗೆ ಎಷ್ಟಾಗುತ್ತೆ ಅಂತ ಕೇಳಿದ್ದೀರಿ. ಮೊದಲು ವರ್ಕ್‌ಮೆನ್ ಕಾಂಪೆನ್ಸೇಶನ್ ಪಾಲಿಸಿ ಮಾಡಿಸಿ, ಅಂದರೆ ಕೆಲಸದಲ್ಲಿ ಕೆಲಸಗಾರರಿಗೆ ಏಟಾದರೆ ಮಾಲೀಕ ಕೊಡಬೇಕಾದ ಪರಿಹಾರವನ್ನು ಭರಿಸುವ ವಿಮೆ. ಉಳಿದದ್ದು ಆಮೇಲೆ.

ಪ್ರೀಮಿಯಂ ಲೆಕ್ಕ ಹಾಕುವುದು ನೀವು ವರ್ಷಕ್ಕೆ ಕೊಡುವ ಒಟ್ಟು ಕೂಲಿಯ ಮೇಲೆ. ದಿನಕ್ಕೆ 700 ರೂಪಾಯಿ, ತಿಂಗಳಿಗೆ 26 ದಿನ ಅಂದರೆ ಎಂಟು ಜನಕ್ಕೆ ವರ್ಷಕ್ಕೆ ಸುಮಾರು 17.5 ಲಕ್ಷ. ಇದರ ಮೇಲೆ ಕೆಲಸದ ಅಪಾಯ ನೋಡಿ ದರ ಹಾಕುತ್ತಾರೆ, ಅದಕ್ಕೆ 18% ಜಿಎಸ್‌ಟಿ ಬೇರೆ. ಪ್ರೀಮಿಯಂ ಉಳಿಸೋಣ ಅಂತ ಕೂಲಿ ಕಡಿಮೆ ತೋರಿಸಬೇಡಿ, ಕ್ಲೇಮ್ ಬಂದಾಗ ಅದೇ ಕೈ ಕಚ್ಚುತ್ತದೆ.

ಇನ್ನೊಂದು ಮಾತು, ಇದು ನಾನೇ ಪಟ್ಟ ಪಾಡು. ನಮ್ಮ ಸೆಂಟ್ರಿಂಗ್ ಹುಡುಗ ಸಜ್ಜಾ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಪಾಲಿಸಿ ಇತ್ತು, ಆದರೆ ಆಸ್ಪತ್ರೆ ಖರ್ಚಿನ ಭಾಗವನ್ನು ಪ್ರತ್ಯೇಕವಾಗಿ ಸೇರಿಸಿರಲಿಲ್ಲ, ಬಿಲ್ಲು ಪೂರ್ತಿ ನಾನೇ ಕಟ್ಟಿದೆ. ಕಾನೂನು ಆ ಖರ್ಚನ್ನು ಮಾಲೀಕನ ಮೇಲೇ ಹಾಕುತ್ತದೆ, ಪಾಲಿಸಿಯಲ್ಲಿ ಮಾತ್ರ ಅದನ್ನು ನಾವೇ ಕೇಳಿ ಸೇರಿಸಿಕೊಳ್ಳಬೇಕು. ಒಬ್ಬರಿಗೆ ಎಷ್ಟು ಮಿತಿ ಅಂತಲೂ ನೋಡಿ.

ಪ್ಲಂಬರ್, ಟೈಲ್ಸ್‌ನವರನ್ನು ಉಪಗುತ್ತಿಗೆಗೆ ಕರೆಸುತ್ತೀರಲ್ವಾ? ಅವರ ಜನಕ್ಕೆ ಏಟಾದರೂ ಪರಿಹಾರ ನಿಮ್ಮನ್ನೇ ಕೇಳಬಹುದು, ಅವರ ಕೂಲಿಯನ್ನೂ ಪಾಲಿಸಿಯಲ್ಲಿ ಬರೆಸಿ.