34ನೇ ವಯಸ್ಸಲ್ಲಿ ಎಡಿಎಚ್‌ಡಿ ಬರುತ್ತಾ ಮೇಡಂ?

ಪ್ರಶ್ನೆ: ಮೇಡಂ, ನಂಗೆ 34 ವರ್ಷ, ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಕೈಲಿ ದುಡ್ಡಿದ್ರೂ ಕರೆಂಟ್ ಬಿಲ್ ಕಟ್ಟೋದು ಮರ್ತು ಫೈನ್ ಬೀಳುತ್ತೆ, ಒಲೆ ಮೇಲೆ ಹಾಲಿಟ್ಟು ಆ ಕಡೆ ಹೋದ್ರೆ ಪಾತ್ರೆ ಸೀದ ವಾಸನೆ ಬಂದ್ಮೇಲೇ ನೆನಪಾಗೋದು. ಅತ್ತೆ 'ಇವಳಿಗೆ ಜವಾಬ್ದಾರಿನೇ ಇಲ್ಲ' ಅಂತಾರೆ. ರೀಲ್ಸಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದ್ರೆ) ಬಗ್ಗೆ ನೋಡಿದ್ರೆ ಎಲ್ಲಾ ನಂದೇ ಕಥೆ. ಈ ವಯಸ್ಸಲ್ಲಿ ಅದು ಬರುತ್ತಾ? ಮಾತ್ರೆ ತಗೊಂಡ್ರೆ ಚಟ ಆಗ್ಬಿಡುತ್ತಾ?
- ಹೆಸರು ಬೇಡ, ದಾವಣಗೆರೆ

ಉತ್ತರ: ಈ ವಯಸ್ಸಲ್ಲಿ ಹೊಸದಾಗಿ ಶುರುವಾಗೋ ತೊಂದ್ರೆ ಅಲ್ಲ ಇದು, ಇದ್ರೆ ಚಿಕ್ಕಂದಿನಿಂದಲೇ ಇರ್ಬೇಕು. ಮಾನಸಿಕ ತೊಂದ್ರೆ ಗುರುತಿಸೋಕೆ ಡಾಕ್ಟರುಗಳು ಬಳಸೋ, 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನೋ ಕೈಪಿಡಿ ಪ್ರಕಾರ 12 ವರ್ಷಕ್ಕೆ ಮುಂಚೆಯೇ ಕೆಲವು ಲಕ್ಷಣ ಕಂಡಿರ್ಬೇಕು, ಮನೆ ಆಫೀಸು ಎರಡೂ ಕಡೆ ತೊಂದ್ರೆ ಕೊಡ್ತಿರ್ಬೇಕು. ಕ್ಲಾಸಲ್ಲಿ ಗಲಾಟೆ ಮಾಡೋ ಹುಡುಗ ಟೀಚರ್ ಕಣ್ಣಿಗೆ ಬೀಳ್ತಾನೆ, ಆದ್ರೆ ಸುಮ್ನೆ ಕಿಟಕಿ ಕಡೆ ನೋಡ್ಕೊಂಡು ಕೂತಿರೋ ಹುಡುಗಿನ ಯಾರೂ ಕೇಳಲ್ಲ, ಅವ್ಳು ಹೇಗೋ ಪಾಸಾಗಿ ಕೆಲಸಕ್ಕೆ ಸೇರಿ ಮದುವೆ ಆಗಿ ಮನೆ ಮಕ್ಕಳು ಆಫೀಸು ಎಲ್ಲಾ ಒಟ್ಟಿಗೆ ತಲೆ ಮೇಲೆ ಬಿದ್ದಾಗ ಕೈ ಸೋಲುತ್ತೆ. ಇಂಥ ಎಷ್ಟೋ ಹೆಣ್ಮಕ್ಕಳು ವರ್ಷಗಟ್ಟಲೆ ಬೈಸ್ಕೊಂಡೇ ಬದುಕಿರ್ತಾರೆ, ಅದು ನಂಗೆ ನಿಜಕ್ಕೂ ಸಂಕಟ ಅನ್ಸುತ್ತೆ.

ಆದ್ರೆ ರೀಲ್ಸ್ ನೋಡಿ ತೀರ್ಮಾನ ಮಾಡ್ಬೇಡಿ. ಥೈರಾಯ್ಡ್, ನಿದ್ದೆಗೇಡು, ಆತಂಕ, ಖಿನ್ನತೆ ಇವೆಲ್ಲಾದ್ರಲ್ಲೂ ಮರೆವು ಇರುತ್ತೆ. ಎಡಿಎಚ್‌ಡಿ ಇದೆ ಅಂತ ಹೇಳೋ ರಕ್ತ ಪರೀಕ್ಷೆ, ಸ್ಕ್ಯಾನ್ ಯಾವ್ದೂ ಇಲ್ಲ, ಸೈಕಿಯಾಟ್ರಿಸ್ಟ್ ಕೂತು ವಿವರವಾಗಿ ಕೇಳಿಯೇ ಹೇಳ್ಬೇಕು. ಹೋಗುವಾಗ ಹಳೇ ಮಾರ್ಕ್ಸ್ ಕಾರ್ಡ್ ಇದ್ರೆ ತಗೊಂಡ್ಹೋಗಿ, 'ಬುದ್ಧಿ ಇದೆ, ಗಮನ ಸಾಲದು' ಅಂತ ಟೀಚರ್ ಬರೆದ ಒಂದು ಸಾಲೂ ಡಾಕ್ಟರಿಗೆ ತುಂಬಾ ಉಪಯೋಗ, ಅಮ್ಮನೋ ಅಣ್ಣನೋ ಫೋನಲ್ಲಿ ಮಾತಾಡಿದ್ರೂ ಆಯ್ತು. ಎಲ್ಲಿ ಹೋಗ್ಬೇಕು ಗೊತ್ತಾಗ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಮಾತ್ರೆ ವಿಷಯ. ಎಡಿಎಚ್‌ಡಿಗೆ ಕೊಡೋ ಮಾತ್ರೆಗಳಲ್ಲಿ ಮಿಥೈಲ್‌ಫೆನಿಡೇಟ್ ತಗೊಂಡ ಒಂದು ಗಂಟೆ ಒಳಗೇ ಕೆಲಸ ಶುರು ಮಾಡುತ್ತೆ, ಅಟೊಮಾಕ್ಸೆಟಿನ್ ಪೂರ್ತಿ ಗುಣ ತೋರ್ಸೋಕೆ ವಾರಗಳೇ ಬೇಕು. ಮೊದಲನೇದನ್ನ ದುರುಪಯೋಗ ಮಾಡ್ಕೊಳ್ಳೋರಿದ್ದಾರೆ, ಅದಕ್ಕೇ ಕಾನೂನು ಬಿಗಿ, ಚೀಟಿ ಇಲ್ದೆ ಕೊಡೋ ಹಾಗಿಲ್ಲ. ಡಾಕ್ಟರ್ ಹೇಳಿದ ಡೋಸಲ್ಲೇ ಅವರ ನಿಗಾದಲ್ಲೇ ತಗೊಂಡ್ರೆ ಚಟ ಆಗೋ ಸಾಧ್ಯತೆ ಕಡಿಮೆ. ಹಸಿವು, ನಿದ್ದೆ ಕಡಿಮೆ ಆಗ್ಬಹುದು. ಬಿಪಿ, ಹೃದಯದ ತೊಂದ್ರೆ ಇದ್ರೆ, ಮಗುಗೆ ಪ್ಲಾನ್ ಮಾಡ್ತಿದ್ರೆ ಮೊದಲೇ ಹೇಳ್ಬಿಡಿ.

ಅಲ್ಲಿವರೆಗೂ ನೆನಪಿನ ಕೆಲಸನ ತಲೆಯಿಂದ ಹೊರಗೆ ಹಾಕಿ. ಬಿಲ್ಲಿಗೆ ಆಟೋಪೇ ಇಡಿ, ಹಾಲಿಟ್ರೆ ಫೋನಲ್ಲಿ 5 ನಿಮಿಷದ ಟೈಮರ್ ಇಟ್ಟು ಅಡುಗೆಮನೇಲೇ ಇರಿ. ಆಫೀಸಲ್ಲಿ 'ಜಿಎಸ್‌ಟಿ ಮುಗಿಸ್ಬೇಕು' ಅಂತ ಬರ್ಕೊಂಡ್ರೆ ಕೈ ಓಡಲ್ಲ, 'ಮಾರ್ಚ್ ಬಿಲ್ ಫೈಲ್ ಓಪನ್ ಮಾಡ್ಬೇಕು' ಅಂತ ಬರ್ಕೊಳ್ಳಿ. ಪಕ್ಕದಲ್ಲಿ ಯಾರಾದ್ರೂ ಅವರ ಪಾಡಿಗೆ ಕೆಲಸ ಮಾಡ್ತಾ ಕೂತಿದ್ರೆ ಎಷ್ಟೋ ಜನಕ್ಕೆ ಕೆಲಸ ಸಾಗುತ್ತೆ, ಯಜಮಾನ್ರಿಗೆ ಹೇಳಿ, ಜ್ಞಾಪಿಸೋದು ಬೈಯೋದು ಬಿಟ್ಟು ರಾತ್ರಿ ಅರ್ಧ ಗಂಟೆ ಜೊತೇಲಿ ಕೂರ್ಲಿ. ಡಾಕ್ಟರ್ ಹತ್ರನೂ ಅವರನ್ನ ಕರ್ಕೊಂಡೇ ಹೋಗಿ, ಅತ್ತೆಗೆ ಅವರ ಮಗ ಹೇಳಿದ್ರೆ ಬೇಗ ಅರ್ಥ ಆಗುತ್ತೆ.