ಯಾರೂ ಗಮನಿಸದ ಕೆಲಸದಲ್ಲಿ ಹುಮ್ಮಸ್ಸು ಎಲ್ಲಿಂದ ತರುವುದು?

ದಿನವಿಡೀ ಬಿಲ್ ಎಂಟ್ರಿ ಮಾಡುವ ಕೆಲಸ, ಮಾಡಿದ್ದನ್ನು ಯಾರೂ ಗಮನಿಸುವುದಿಲ್ಲ, ಬೆಳಿಗ್ಗೆ ಎದ್ದು ಹೋಗುವುದಕ್ಕೇ ಬೇಜಾರು ಅಂತ ಕೇಳಿದ್ದೀರಿ. ನಂದೂ ಹೆಚ್ಚುಕಮ್ಮಿ ಅಂಥದ್ದೇ. ಚನ್ನರಾಯಪಟ್ಟಣದ ಹತ್ತಿರ ನಮ್ಮೂರ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುತ್ತೇನೆ. ಮದುವೆ ಮನೆಯಲ್ಲಿ ಏನ್ ಕೆಲಸ ಅಂತ ಕೇಳಿದವರು, ‘ಡೈರೀಲಿ’ ಅಂದ ತಕ್ಷಣ ಊಟದ ಪಂಕ್ತಿ ಎಲ್ಲಿಗೆ ಬಂತು ಅಂತ ನೋಡುತ್ತಾರೆ.

ಕೆಲಸವನ್ನು ಪ್ರೀತಿಸಿ ಅಂತೆಲ್ಲ ಹೇಳಲಾರೆ. ಮಾಗಿ ಚಳಿಯಲ್ಲಿ ಶಟರ್ ಎತ್ತುವಾಗ ಯಾವ ಪ್ರೀತಿಯೂ ಇರುವುದಿಲ್ಲ. ಆದರೆ ನಾನು ಉದಾಸೀನ ಮಾಡಿದರೆ ಯಾರ ಬಟವಾಡೆಗೆ ಕತ್ತರಿ ಬೀಳುತ್ತದೆ ಅನ್ನುವುದು ನನಗೆ ಗೊತ್ತು. ಅವರು ಎದುರಿಗೇ ನಿಂತಿರುತ್ತಾರೆ.

ಹಾಲಿಗೆ ದುಡ್ಡು ಸಿಗುವುದು ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ನೀರು, ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ನೋಡಿ. ಹಾಲು ಸ್ವಲ್ಪ ಹೊತ್ತು ನಿಂತರೆ ಕೊಬ್ಬು ಮೇಲೆ ಬರುತ್ತದೆ. ಕಲಕದೆ ಮೇಲಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಜಾಸ್ತಿ, ತಳದಿಂದ ತೆಗೆದರೆ ಕಡಿಮೆ. ಮಿಷನ್ನಿಗೇನು, ಕೊಟ್ಟದ್ದನ್ನು ಅಳೆಯುತ್ತದೆ. ಕ್ಯೂ ಉದ್ದ ಇದ್ದಾಗ ಕಲಕುವುದನ್ನು ಬಿಟ್ಟರೆ ಕೇಳುವವರೇ ಇಲ್ಲ. ನನ್ನ ಕೆಲಸ ಇರುವುದೇ ಅಲ್ಲಿ.

ಒಂದು ಮಳೆಗಾಲದಲ್ಲಿ ನಮ್ಮೂರ ಅಜ್ಜಿಯೊಬ್ಬರ ಹಾಲಿನ ಫ್ಯಾಟ್ 4ರಿಂದ 3.2ಕ್ಕೆ ಇಳಿಯಿತು. ‘ನಿನ್ನ ಮಿಷನ್ನಿಗೆ ನಮ್ಮ ಹಸು ಮೇಲೇ ಯಾಕಪ್ಪಾ ಸಿಟ್ಟು?’ ಅಂದರು. ಅವರ ಮುಂದೆಯೇ ಮತ್ತೆ ಟೆಸ್ಟ್ ಮಾಡಿದೆ, ಅಷ್ಟೇ ಬಂತು. ಮೇವು ಏನು ಹಾಕುತ್ತೀರಿ ಅಂತ ಕೇಳಿದೆ. ರಾಗಿ ಹುಲ್ಲಿನ ಮೆದೆ ಖಾಲಿಯಾಗಿ ಬರೀ ಎಳೇ ಹಸಿ ಹುಲ್ಲು ನಡೆದಿತ್ತು. ನಾರು ಕಡಿಮೆಯಾದರೆ ಫ್ಯಾಟ್ ಇಳಿಯುತ್ತದೆ. ಸಾಲದ್ದಕ್ಕೆ ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರು, ಫ್ಯಾಟ್ ಜಾಸ್ತಿ ಇರುವುದೇ ಆ ಹಾಲಲ್ಲಿ. ಕರುವಿಗೆ ಮೊದಲ ಹಾಲು ಕೊಡಿ ಅಂದೆ. ‘ಕರ ಏನ್ ತಪ್ಪು ಮಾಡೈತೆ?’ ಅಂತ ನನ್ನನ್ನೇ ಗದರಿದರು. ಆದರೆ ಒಣ ಹುಲ್ಲು ತರಿಸಿ ಹಾಕಿದರು. ಫ್ಯಾಟ್ ನಿಧಾನಕ್ಕೆ ಏರಿತು. ಈ ಮಾತು ಕೆಲಸದ ಪಟ್ಟಿಯಲ್ಲಿ ಎಲ್ಲೂ ಇಲ್ಲ, ಆದರೆ ಅದೇ ನನಗೆ ರುಚಿ ಹತ್ತಿಸಿದ್ದು.

ಆಮೇಲೆ ಈ ಟೆಸ್ಟ್ ಎಲ್ಲಿಂದ ಬಂತು ಅಂತ ಸುಮ್ನೆ ಓದಿದೆ. ಬರೀ ತೂಕಕ್ಕೆ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ನೀರು ಬೆರೆಸಿದವನಿಗೇ ಲಾಭ. 1890ರಲ್ಲಿ ಅಮೆರಿಕದ ವಿಜ್ಞಾನಿ ಬ್ಯಾಬ್‌ಕಾಕ್ ಸುಲಭದ ಫ್ಯಾಟ್ ಪರೀಕ್ಷೆ ಕಂಡುಹಿಡಿದು, ಪೇಟೆಂಟನ್ನೂ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು. ಮರುವರ್ಷ ಸ್ವಿಟ್ಜರ್ಲೆಂಡಿನ ಗರ್ಬರ್ ವಿಧಾನ ಬಂತು. ಆಸಿಡ್‌ಗೆ ಹಾಲು ಹಾಕಿ, ಮಿಷನ್ನಿನಲ್ಲಿ ಗಿರಗಿರ ತಿರುಗಿಸಿ, ಬೇರೆಯಾದ ಕೊಬ್ಬನ್ನು ಅಳೆಯುವುದು ಅದೇ.

ನಿಮ್ಮ ವಿಷಯಕ್ಕೆ ಬಂದರೆ, ಅಕೌಂಟ್ಸ್‌ನವರ ಹತ್ತಿರ ಕೂತು ಯಾವ ಬಿಲ್ಲು ವಾಪಸ್ ಬರುತ್ತವೆ, ಯಾಕೆ ಅಂತ ಕೇಳಿ. ಜಿಎಸ್‌ಟಿ ನಂಬರಿನ ಒಂದು ಅಂಕಿ ತಪ್ಪಿದರೆ ಯಾರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ತಿಳಿದುಕೊಳ್ಳಿ. ಸಂಬಳವೇ ಸಾಲುತ್ತಿಲ್ಲ ಅನ್ನುವುದು ನಿಜವಾದ ತಕರಾರಾದರೆ ಮಾತ್ರ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಆಗ ಜಾಸ್ತಿ ಕೇಳಿ, ಕೊಡದಿದ್ದರೆ ಬೇರೆ ಕಡೆ ನೋಡಿ.